ಆ ನಾಲ್ಕು ಉಂಗುರದ ಫೋಟೋ ಬಗ್ಗೆ, ಮಂಜನಿಗೆ

ಮಂಜ,

ನಿನ್ನೆ ರಾತ್ರಿ ಹನ್ನೊಂದೂವರೆಗೆ ನಿನ್ನ ನಿಶ್ಚಿತಾರ್ಥಕ್ಕೆ ಅಂತ ನಾಲ್ಕು ಉಂಗುರದ ಫೋಟೋ ಕಳಿಸಿ "ಯಾವುದು ಓಕೆ, ಬೇಗ ಹೇಳು" ಅಂದಿದ್ದೆ. ನಾನು ಒಂದು ಹೆಬ್ಬೆರಳು ಒತ್ತಿ ಮಲಗಿಬಿಟ್ಟೆ. ಆ ಹೆಬ್ಬೆರಳು ಯಾವ ಉಂಗುರಕ್ಕೆ ಅಂತ ಬೆಳಗಿನಿಂದ ಆರು ಸಲ ಕೇಳಿದ್ದೀಯ. ಯಾವುದಕ್ಕೂ ಅಲ್ಲ ಮಾರಾಯ. ನಾಲ್ಕೂ ಮಖಮಲ್ ಡಬ್ಬಿಯಲ್ಲಿ ಕೂತಿವೆ, ಒಂದಾದರೂ ಬೆರಳಿನ ಮೇಲಿಲ್ಲ. ಡಬ್ಬಿಯಲ್ಲಿ ಎಲ್ಲ ಉಂಗುರವೂ ಚೆನ್ನಾಗೇ ಕಾಣುತ್ತದೆ.

ಫೋನಲ್ಲಿ ಹೇಳಿದರೆ ಅರ್ಧ ಕೇಳಿ "ಸರಿ ಸರಿ" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದಕ್ಕೆ ಬೇಜಾರು ಮಾಡ್ಕೋಬೇಡ, ನಮ್ಮ ಬ್ಯಾಚಲ್ಲಿ ಇನ್ನೂ ಮೂವರ ಮದುವೆ ಬಾಕಿ ಇದೆ ಅಲ್ವಾ, ಅವರೂ ಓದಲಿ.

ಮೊದಲು ಕೈ ನೋಡು. ನಿನ್ನ ಹುಡುಗಿ ನರ್ಸ್. ಒಂದು ಡ್ಯೂಟಿಯಲ್ಲಿ ಅವರು ಎಷ್ಟು ಸಲ ಕೈ ತೊಳೆಯುತ್ತಾರೆ, ಎಷ್ಟು ಸಲ ಗ್ಲೌಸ್ ಹಾಕಿ ಬಿಚ್ಚುತ್ತಾರೆ ಅಂತ ಕೇಳಿದ್ದೀಯಾ? ನಿನ್ನ ಎರಡನೇ ಫೋಟೋದಲ್ಲಿ ಕಲ್ಲು ಗೋಪುರದ ಕಳಶದ ಹಾಗೆ ಎದ್ದು ನಿಂತಿದೆ. ಅದರ ಮೇಲೆ ಗ್ಲೌಸ್ ಎಳೆದರೆ ಗ್ಲೌಸ್ ಹರಿಯುತ್ತದೆ. ಐಸಿಯುನಲ್ಲೋ ಆಪರೇಷನ್ ಥಿಯೇಟರಿನಲ್ಲೋ ಡ್ಯೂಟಿ ಬಿದ್ದರೆ ಉಂಗುರ, ಬಳೆ ಎಲ್ಲ ತೆಗೆದಿಟ್ಟು ಒಳಗೆ ಹೋಗಬೇಕಾಗುತ್ತದೆ. ಅಂದರೆ ದಿನಾ ಹಾಕಿ ದಿನಾ ತೆಗೆಯುವ ಉಂಗುರ ಇದು. ಇನ್ನು ನೀನು. ಪೀಣ್ಯದಲ್ಲಿ ದಿನವಿಡೀ ಲೇತ್ ಮೆಷಿನ್ ಮುಂದೆ ನಿಲ್ಲುವವನಿಗೆ ಆ ಸಿಂಹದ ಮುಖದ ದಪ್ಪ ಉಂಗುರ ಯಾಕಪ್ಪಾ?

ಕಲ್ಲಿನ ವಿಷಯದಲ್ಲಿ ನಾನು ಇಷ್ಟು ಕೊರೆಯುವುದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ. ನನ್ನ ಹೆಂಡತಿಯ ನಿಶ್ಚಿತಾರ್ಥದ ಉಂಗುರ ನೀನು ನೋಡಿದ್ದೀಯ, ಮಧ್ಯ ಒಂದು ಬಿಳಿ ಕಲ್ಲು, ನಾಲ್ಕು ಕಡೆ ಉಗುರಿನಂಥ ಸಣ್ಣ ಕೊಂಡಿ. ಒಂದು ಭಾನುವಾರ ಬೆಳಿಗ್ಗೆ ಅಕ್ಕಿರೊಟ್ಟಿ ಹಿಟ್ಟು ನಾದಿ ಕೈ ತೊಳೆಯುವಾಗ ನೋಡಿದರೆ ಕಲ್ಲಿನ ಜಾಗದಲ್ಲಿ ಬರೀ ತೂತು. ಹಿಟ್ಟನ್ನೆಲ್ಲ ಚೂರು ಚೂರು ಮಾಡಿ ಹುಡುಕಿದೆವು, ಸಿಂಕ್ ಕೆಳಗಿನ ಪೈಪ್ ಬಿಚ್ಚಿದೆವು, ಕಸದ ಡಬ್ಬಿ ಪೇಪರ್ ಮೇಲೆ ಸುರಿದು ಸೊಪ್ಪಿನ ದಂಟನ್ನು ಒಂದೊಂದಾಗಿ ಎತ್ತಿ ನೋಡಿದೆವು. ಇಲ್ಲ. ಕೊನೆಗೆ ಅದೇ ಹಿಟ್ಟಲ್ಲಿ ರೊಟ್ಟಿ ತಟ್ಟಿ ಕಾಯಿಚಟ್ನಿ ಜೊತೆ ತಿಂದೆವು, ಇಬ್ಬರೂ ಮಾತಿಲ್ಲದೆ, ಪ್ರತಿ ತುತ್ತನ್ನೂ ಮುದುಕರ ಹಾಗೆ ಮೆಲ್ಲಗೆ ಅಗಿಯುತ್ತಾ. ಕಲ್ಲು ಸಿಗಲೇ ಇಲ್ಲ.

ಆ ಉಂಗುರವನ್ನು ಊರಿನ ಅಕ್ಕಸಾಲಿ ಶೇಟ್ರ ಹತ್ತಿರ ತಗೊಂಡು ಹೋದೆ. ಸಣ್ಣವನಿದ್ದಾಗ ಸ್ಕೂಲ್ ಬಿಟ್ಟ ಮೇಲೆ ನಾನು ಅವರ ಅಂಗಡಿ ಕಟ್ಟೆ ಮೇಲೆ ಕೂತು ಊದುಕೊಳವೆ ಊದುವುದನ್ನು ನೋಡುತ್ತಿದ್ದೆ, ಆಗಿನಿಂದ ಪರಿಚಯ. ಅವರು ಕಣ್ಣಿಗೆ ಮಸೂರ ಇಟ್ಟುಕೊಂಡು ಒಂದು ನಿಮಿಷ ತಿರುಗಿಸಿ ನೋಡಿ, "ಈ ಕೊಂಡಿ ಮೇಲೆದ್ದು ತಿಂಗಳಾಗಿರಬೇಕು, ಸೀರೆಗೆ ಸಿಕ್ಕಿಕೊಳ್ಳುತ್ತಿರಲಿಲ್ವಾ?" ಅಂದರು. ಸಿಕ್ಕಿಕೊಳ್ಳುತ್ತಿತ್ತು! ಎರಡು ವಾರದಿಂದ ಟವೆಲ್ಲಿನ ದಾರ ಎಳೆಯುತ್ತಿದೆ ಅಂತ ಇವಳು ಹೇಳುತ್ತಲೇ ಇದ್ದಳು, ನಾನು ಟವೆಲ್ ಹಳೇದಾಗಿದೆ ಅಂದಿದ್ದೆ. ಕಲ್ಲು ಸವೆಯುವುದಿಲ್ಲ, ಅದನ್ನು ಹಿಡಿದಿರುವ ಚಿನ್ನ ಸವೆಯುತ್ತದೆ. ಉಂಗುರವನ್ನು ಕಿವಿ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿ ನೋಡು ಅಂತ ಶೇಟ್ರು ತೋರಿಸಿಕೊಟ್ಟರು. ಟಿಕ್ ಟಿಕ್ ಅಂತ ಸಣ್ಣ ಸದ್ದು ಬಂದರೆ ಕಲ್ಲು ಸಡಿಲ ಆಗಿದೆ ಅಂತ ಲೆಕ್ಕ. ಆವತ್ತೇ ಬಿಚ್ಚಿಟ್ಟು ಅಂಗಡಿಗೆ ಹೋಗಬೇಕು.

ಅದಕ್ಕೇ ಹೇಳುತ್ತಿದ್ದೇನೆ, ನಿನ್ನ ಹುಡುಗಿಗೆ ಕಲ್ಲು ಬೇಕೇ ಬೇಕು ಅಂದರೆ ಕಲ್ಲಿನ ಸುತ್ತ ಚಿನ್ನದ ಅಂಚು ಕಟ್ಟಿ, ಉಂಗುರದ ಮಟ್ಟಕ್ಕೇ ಕೂರಿಸಿದ್ದನ್ನು ನೋಡು. ಹೊಳಪು ಒಂದು ಚೂರು ಕಡಿಮೆ ಅನಿಸಬಹುದು. ಆದರೆ ಯಾವುದಕ್ಕೂ ಸಿಕ್ಕಿಕೊಳ್ಳುವುದಿಲ್ಲ. ಕಲ್ಲಿರುವ ಉಂಗುರಕ್ಕೆ 22 ಕ್ಯಾರೆಟ್ಟೇ ಬೇಕು ಅಂತ ನಿಮ್ಮಮ್ಮ ಹಟ ಹಿಡಿಯುತ್ತಾರೆ, ನನಗೆ ಗೊತ್ತು. 22 ಅಂದರೆ ನೂರರಲ್ಲಿ 91.6 ಭಾಗ ಚಿನ್ನ, ಮೆತ್ತಗೆ ಇರುತ್ತದೆ, ಕೊಂಡಿ ಬೇಗ ಬಾಗುತ್ತದೆ. 18 ಕ್ಯಾರೆಟ್‌ನಲ್ಲಿ 75 ಭಾಗ ಚಿನ್ನ, ಉಳಿದದ್ದು ಬೆಳ್ಳಿ, ತಾಮ್ರ ಇತ್ಯಾದಿ ಬೆರೆತು ಗಟ್ಟಿ ಆಗಿರುತ್ತದೆ. ಕಲ್ಲಿಗೆ 18, ಕಲ್ಲಿಲ್ಲದ ಬರೀ ಬಳೆಯಂಥ ಉಂಗುರಕ್ಕೆ 22. ಅಮ್ಮನಿಗೆ ಹೀಗೇ ಹೇಳು. ಜಾತಕದ ಪ್ರಕಾರ ಹವಳ ಹಾಕಿಸು ಅಂದರೆ ಅದಕ್ಕೆ ಬೇರೆ ಉಂಗುರ ಮಾಡಿಸು. ಹವಳ, ಮುತ್ತು ಎರಡೂ ಬಹಳ ಮೆದು, ದಿನಾ ಸೋಪು ನೀರು ಬೀಳುವ ಕೈಗೆ ಅಲ್ಲ. ಪಚ್ಚೆಯೂ ಅಷ್ಟೇ, ಅದರ ಬಿರುಕು ಕಾಣದಿರಲಿ ಅಂತ ಸಾಮಾನ್ಯವಾಗಿ ಎಣ್ಣೆ ತುಂಬಿಸಿರುತ್ತಾರೆ, ಬಿಸಿನೀರು ಬಿದ್ದರೆ ಕೆಡುತ್ತದೆ.

ಎಷ್ಟು ಖರ್ಚು ಮಾಡಬೇಕು ಅಂತ ಕೇಳಿದ್ದೆ. ಎರಡು ತಿಂಗಳ ಸಂಬಳ ಅನ್ನುವ ಲೆಕ್ಕ ಎಲ್ಲೋ ಓದಿದ್ದೀಯ. ಅದು ಶಾಸ್ತ್ರ ಅಲ್ಲ ಕಣೋ, ಜಾಹೀರಾತು. ವಜ್ರ ಮಾರುವ ಡಿ ಬೀರ್ಸ್ ಕಂಪನಿ 1947ರಲ್ಲಿ ವಜ್ರ ಎಂದೆಂದಿಗೂ ಉಳಿಯುತ್ತದೆ ಅಂತ ಅಮೆರಿಕದಲ್ಲಿ ಜಾಹೀರಾತು ಶುರು ಮಾಡಿತು, ಸಂಬಳದ ಲೆಕ್ಕವೂ ಅವರ ಜಾಹೀರಾತಿನಿಂದಲೇ ಬಂದದ್ದು. ನಮ್ಮಜ್ಜಿ ಕಾಲದಲ್ಲಿ ನಿಶ್ಚಿತಾರ್ಥ ಅಂದರೆ ತಾಂಬೂಲ ಬದಲಾಯಿಸಿಕೊಂಡು ಪಾಯಸ ಉಣ್ಣುವುದು. ಮದುವೆಗೆ ಗುರುತು ತಾಳಿ, ಕಾಲುಂಗುರ. ಕೈಯುಂಗುರ ಆಮೇಲೆ ಬಂದು ಸೇರಿಕೊಂಡಿದೆ, ಸೇರಿಕೊಳ್ಳಲಿ, ನನಗೇನೂ ತಕರಾರಿಲ್ಲ. ಆದರೆ ಮಂಗಳೂರು ಕಡೆ ಕ್ರಿಶ್ಚಿಯನ್ನರ ಮದುವೆಗೆ ಹೋಗಿದ್ದಾಗ ಒಂದು ಗಮನಿಸಿದೆ. ಅವರಿಗೆ ಉಂಗುರವೂ ಮದುವೆಯ ಗುರುತು, ಇಗರ್ಜಿಯಲ್ಲಿ ಪಾದ್ರಿ ಆಶೀರ್ವದಿಸಿ ಕೊಡುವುದು. ಆವತ್ತು ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತ ಅಜ್ಜಿಯ ಕೈಯಲ್ಲಿ ಒಂದು ಸಾದಾ ಚಿನ್ನದ ಬಳೆಯುಂಗುರ ಇತ್ತು, ಸವೆದು ಸವೆದು ತಂತಿಯ ಹಾಗಾಗಿತ್ತು. ಅಷ್ಟು ವರ್ಷ ಅದು ಕೈಯಲ್ಲೇ ಇದೆ ಅಂದರೆ ಅದರಲ್ಲಿ ಕಳೆದುಹೋಗುವಂಥದ್ದು ಏನೂ ಇಲ್ಲ ಅಂತ ಅರ್ಥ.

ಲ್ಯಾಬಿನಲ್ಲಿ ಬೆಳೆಸಿದ ವಜ್ರದ ಬಗ್ಗೆ ನಿನ್ನ ಹುಡುಗಿಯೇ ಕೇಳಿದರು ಅಂದೆ. ಜಾಣೆ. ಅದು ಗಾಜಲ್ಲ, ನಕಲಿಯೂ ಅಲ್ಲ. ಭೂಮಿಯಿಂದ ತೆಗೆದ ವಜ್ರದ ಹಾಗೆ ಅದೂ ಕಾರ್ಬನ್ನೇ, ಅಷ್ಟೇ ಗಟ್ಟಿ, ಬರಿಗಣ್ಣಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಲೆ ಬಹಳ ಕಡಿಮೆ. ಆದರೆ ವಾಪಸ್ ಮಾರಲು ಹೋದರೆ ಕೈಗೆ ಏನೂ ಬರುವುದಿಲ್ಲ ಅಂತಲೇ ಇಟ್ಟುಕೋ. ಹಾಕಿಕೊಳ್ಳಲು ತಗೋ, ಉಳಿತಾಯ ಅಂತ ತಗೋಬೇಡ. ಯಾವ ವಜ್ರ ಆದರೂ ವಜ್ರ ಪರೀಕ್ಷೆ ಮಾಡುವ ಐಜಿಐ ಅಥವಾ ಜಿಐಎ ಸಂಸ್ಥೆಯ ಸರ್ಟಿಫಿಕೇಟ್ ಕೇಳು.

ಈಗ ಅಂಗಡಿಯೊಳಗೆ ಹೋಗುವುದು. ಕೂತ ಕೂಡಲೇ ಬಾದಾಮಿ ಹಾಲು ಕೊಡುತ್ತಾರೆ. ಕುಡಿ. ಕುಡಿದು ಉಂಗುರದ ಒಳಮೈ ನೋಡು. ಬಿಐಎಸ್ ಅನ್ನುವ ಸರ್ಕಾರಿ ಗುಣಮಟ್ಟ ಸಂಸ್ಥೆಯ ತ್ರಿಕೋನದ ಗುರುತು, 22ಕೆ916 ಅಥವಾ 18ಕೆ750 ಅನ್ನುವ ಶುದ್ಧತೆ, ಜೊತೆಗೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ನಂಬರ್, ಈ ಮೂರೂ ಇರಬೇಕು, ಇದಕ್ಕೇ ಹಾಲ್‌ಮಾರ್ಕ್ ಅನ್ನುವುದು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವ ಹಾಗಿಲ್ಲ. ಬಿಐಎಸ್ ಕೇರ್ ಅನ್ನುವ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಒಡವೆ, ಎಷ್ಟು ಶುದ್ಧ ಅಂತ ಅಲ್ಲೇ ಬರುತ್ತದೆ. ಸೇಲ್ಸ್‌ನವರ ಮುಂದೆಯೇ ಮಾಡು, ನಾಚಿಕೆ ಬೇಡ. ಒಂದು ಕಿವಿಮಾತು: 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯ ಇಲ್ಲ. ಈಗಿನ ಚಿನ್ನದ ರೇಟಿಗೆ ಹೆದರಿ ಹಗುರದ ಉಂಗುರ ತಗೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು. "ಇದು ಕೆಡಿಎಂ ಸಾರ್" ಅಂತ ಯಾರಾದರೂ ಅಂದರೆ ನಕ್ಕು ಎದ್ದು ಬಾ. ಅದು ಶುದ್ಧತೆಯ ಹೆಸರಲ್ಲ, ಕ್ಯಾಡ್ಮಿಯಂ ಹಾಕಿದ ಹಳೇ ಬೆಸುಗೆ.

ಬಿಲ್ ಮಾತ್ರ ನಿಧಾನಕ್ಕೆ ಓದು. ನನಗೆ ಒಂದು ದೊಡ್ಡ ಅಂಗಡಿಯಲ್ಲಿ ಆದದ್ದು ಇದು. ಉಂಗುರದ ತೂಕ 5.200 ಗ್ರಾಂ ಅಂತ ಬರೆದು ಅಷ್ಟಕ್ಕೂ ಚಿನ್ನದ ರೇಟ್ ಹಾಕಿದ್ದರು, ಕೆಳಗೆ ಕಲ್ಲಿಗೆ ಬೇರೆ ದುಡ್ಡು. ಅಂದರೆ ಕಲ್ಲಿನ ತೂಕಕ್ಕೂ ಚಿನ್ನದ ಬೆಲೆ! ಮನೆಗೆ ಬಂದು ಕಾಫಿ ಕುಡಿಯುವಾಗ ಹೊಳೆಯಿತು. ವಾಪಸ್ ಹೋಗಿ ಕೇಳಿದರೆ "ಸಿಸ್ಟಮ್ ಮಿಸ್ಟೇಕ್ ಸಾರ್" ಅಂದರು. 0.600 ಗ್ರಾಂ ಕಳೆದು ಹೊಸ ಬಿಲ್ ಕೊಟ್ಟರು. ಕಲ್ಲೂ ಸೇರಿದ ಗ್ರಾಸ್ ತೂಕ, ಬರೀ ಚಿನ್ನದ ನೆಟ್ ತೂಕ ಎರಡೂ ಬೇರೆ ಬೇರೆ ಬರೆಸು. ಮಜೂರಿ, ವೇಸ್ಟೇಜ್ ಎರಡನ್ನೂ ಚೌಕಾಸಿ ಮಾಡಬಹುದು, ಚಿನ್ನದ ರೇಟನ್ನು ಮಾಡಕ್ಕಾಗಲ್ಲ. ಒಟ್ಟಿನ ಮೇಲೆ 3% ಜಿಎಸ್‌ಟಿ. ವಾಪಸ್ ತಂದರೆ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನು ಅವತ್ತೇ ಬಿಲ್ ಮೇಲೆ ಬರೆಸಿಕೋ.

ಅಳತೆ. ಸರ್ಪ್ರೈಸ್ ಕೊಡುತ್ತೇನೆ ಅಂತ ನಿನ್ನ ಹುಡುಗಿಯ ತಂಗಿಯ ಉಂಗುರ ಕದ್ದು ತರಿಸಬೇಡ, ಹುಡುಗಿಯನ್ನೇ ಕರಕೊಂಡು ಹೋಗು. ನಿಮ್ಮ ನಿಶ್ಚಿತಾರ್ಥ ಮಾಘದಲ್ಲಿ, ಮದುವೆ ವೈಶಾಖದಲ್ಲಿ. ಮಾಘದ ಬೆಳಗಿನ ಚಳಿಯಲ್ಲಿ ಸರಿಯಾಗಿ ಕೂತ ಉಂಗುರ ವೈಶಾಖದ ಛತ್ರದ ಸೆಕೆಯಲ್ಲಿ ಬೆರಳನ್ನು ಕಚ್ಚುತ್ತದೆ. ಸಂಜೆ ಹೊತ್ತು, ಒಂದಿಷ್ಟು ನಡೆದಾಡಿದ ಮೇಲೆ ಅಳತೆ ಕೊಡಿ. ಗೆಣ್ಣು ದಾಟುವಾಗ ಸ್ವಲ್ಪ ತಡೆಯಬೇಕು, ದಾಟಿದ ಮೇಲೆ ಸುಲಭವಾಗಿ ತಿರುಗಬೇಕು. ಸುತ್ತಲೂ ಕಲ್ಲಿರುವ ಉಂಗುರವನ್ನು ಆಮೇಲೆ ದೊಡ್ಡದು ಮಾಡುವುದು ಕಷ್ಟ. ಸಾದಾ ಉಂಗುರವನ್ನು ಕತ್ತರಿಸಿ ಚೂರು ಚಿನ್ನ ಸೇರಿಸಿ ಬೆಸೆಯಬಹುದು.

ಇದು ಅನುಭವದ ಮಾತು. ಮದುವೆಯಾಗಿ ಎರಡು ವರ್ಷಕ್ಕೆ ಒಂಬತ್ತು ಕೆಜಿ ಜಾಸ್ತಿ ಆಗಿದ್ದೆ. ಒಂದು ಮೇ ಮಧ್ಯಾಹ್ನ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತು, ಉಂಗುರ ಅಲ್ಲಾಡುತ್ತಿಲ್ಲ. ಸೋಪು, ಕೊಬ್ಬರಿಎಣ್ಣೆ ಎಲ್ಲ ಆಯಿತು. ಕೊನೆಗೆ ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ದಾರ ತಂದರು. ದಾರದ ಒಂದು ತುದಿಯನ್ನು ಉಂಗುರದ ಅಡಿಯಿಂದ ಅಂಗೈ ಕಡೆಗೆ ತೂರಿಸಿ, ಇನ್ನೊಂದು ತುದಿಯನ್ನು ಉಂಗುರದಿಂದ ಶುರು ಮಾಡಿ ಗೆಣ್ಣು ದಾಟುವವರೆಗೆ ಒತ್ತೊತ್ತಾಗಿ ಬಿಗಿದು ಸುತ್ತಿದರು. ಆಮೇಲೆ ಅಂಗೈ ಕಡೆಯ ತುದಿ ಹಿಡಿದು ಬಿಚ್ಚುತ್ತಾ ಬಂದರೆ ಉಂಗುರ ದಾರದ ಮೇಲೆ ಒಂದೊಂದೇ ಸುತ್ತು ಜಾರಿಕೊಂಡು ಹೊರಗೆ ಬಂತು. ನಾನು ಕಿರುಚಿದ್ದೂ ಹೌದು. ನಿನ್ನ ಹುಡುಗಿಗೆ ಈ ವಿದ್ಯೆ ಗೊತ್ತಿರುತ್ತದೆ ಬಿಡು. ಬೆರಳು ಮರಗಟ್ಟಿದರೆ ಮಾತ್ರ ಮನೆಯಲ್ಲಿ ಸಾಹಸ ಬೇಡ, ಸೀದಾ ಆಸ್ಪತ್ರೆಗೆ ಹೋಗಿ ಉಂಗುರ ಕತ್ತರಿಸಿಬಿಡಲಿ.

ನಿನಗೆ ಒಂದೇ ಮಾತು. ಲೇತ್ ಹತ್ತಿರ ಉಂಗುರ ಬೇಡ. ತಿರುಗುವ ಮೆಷಿನ್ನಿಗೆ ಉಂಗುರ ಸಿಕ್ಕಿದರೆ ಬೆರಳಿನ ಚರ್ಮವೇ ಕಳಚಿ ಬರುತ್ತದೆ. ಹೊಸ ಅಳಿಯನ ಬೆರಳು ಖಾಲಿ ಇದೆ ಅಂತ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮನೆಯಲ್ಲಿಟ್ಟು ಹೋಗು, ಪ್ಯಾಂಟ್ ಜೇಬಲ್ಲಿ ಇಡಬೇಡ, ವಾಷಿಂಗ್ ಮೆಷಿನ್ನಿಗೆ ಹೋಗುತ್ತದೆ.

ತೊಳೆಯುವುದು ಸುಲಭ. ಉಗುರುಬೆಚ್ಚನೆ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆದು ಬ್ರಷ್. ಕಲ್ಲಿನ ಹಿಂಭಾಗದಲ್ಲಿ ಜಿಡ್ಡು ಕೂರುತ್ತದೆ, ವಜ್ರ ಮಂಕಾಯಿತು ಅಂದರೆ ಬಹುಪಾಲು ಇದೇ ಕಾರಣ. ಸಿಂಕ್ ಮೇಲೆ ತೊಳೆಯಬೇಡಿ, ಬಟ್ಟಲಲ್ಲಿ ತೊಳೆಯಿರಿ. ಸಾದಾ ಚಿನ್ನಕ್ಕೆ ಅಂಟುವಾಳದ ನೊರೆಯೇ ಸಾಕು. ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತದೆ. ಬ್ಲೀಚ್ ಮುಟ್ಟುವಾಗ ಬಿಚ್ಚಿಡಬೇಕು. ಆಸ್ಪತ್ರೆಯಲ್ಲಿ ಹಳೇ ಪಾದರಸದ ಥರ್ಮಾಮೀಟರ್ ಒಡೆದರೆ ಚಿನ್ನ ಹಾಕಿದ ಕೈಯಲ್ಲಿ ಪಾದರಸ ಮುಟ್ಟಲೇಬಾರದು, ಉಂಗುರ ಬೆಳ್ಳಗಾಗಿ ಹಾಳಾಗುತ್ತದೆ. ಉಂಗುರದ ಕೆಳಗೆ ತುರಿಕೆ ಬಂದರೆ "ಚಿನ್ನ ಆಗಿಬರಲ್ಲ" ಅಂತಾರೆ, ಎಷ್ಟೋ ಸಲ ಅದು ಕೆಳಗೆ ನಿಂತ ಸೋಪಿನ ಕೆಲಸ. ಬಿಳಿ ಚಿನ್ನ ಬೇಕು ಅಂದರೆ ಅದರ ಮೇಲಿನ ರೋಡಿಯಂ ಅನ್ನುವ ಬಿಳಿ ಲೋಹದ ಲೇಪ ಸವೆಯುತ್ತದೆ, ಆಗಾಗ ಮತ್ತೆ ಹಾಕಿಸುವ ಖರ್ಚು ಇರುತ್ತದೆ ಅಂತ ತಿಳಿದೇ ತಗೊಳ್ಳಿ. ಬೀದಿಯಲ್ಲಿ "ಚಿನ್ನ ಪಾಲಿಶ್" ಅಂತ ಬರುವವರಿಗೆ ಮಾತ್ರ ಬಾಗಿಲು ತೆಗೆಯಬೇಡಿ. ಅವರ ಬಟ್ಟಲಲ್ಲಿರುವುದು ಆಮ್ಲ. ಉಂಗುರ ಫಳಫಳ ಹೊಳೆಯುತ್ತಾ ವಾಪಸ್ ಬರುತ್ತದೆ, ತೂಕದಲ್ಲಿ ಅರ್ಧ ಗ್ರಾಂ ಅವರ ಬಟ್ಟಲಲ್ಲೇ ಉಳಿದಿರುತ್ತದೆ.

ಭಾನುವಾರ ಇಬ್ಬರೂ ಬನ್ನಿ, ಒಟ್ಟಿಗೆ ಹೋಗೋಣ. ಬರುವ ಮುಂಚೆ ಅವರನ್ನು ಒಂದು ಕೇಳು, ಡ್ಯೂಟಿಯಲ್ಲಿ ಉಂಗುರ ಬಿಚ್ಚಿದಾಗ ಎಲ್ಲಿಡುತ್ತಾರೆ ಅಂತ. ಕತ್ತಿನ ಸರಕ್ಕೆ ಪೋಣಿಸಿಕೊಳ್ಳುತ್ತೇನೆ ಅಂದರೆ ಅದಕ್ಕೆ ತಕ್ಕ ಹಾಗೆ ಸಣ್ಣ, ಸಾದಾ ಉಂಗುರ ನೋಡೋಣ.

ಇನ್ನೊಂದು ಮರೆತಿದ್ದೆ. ಮದುವೆ ಮಾರನೇ ದಿನ ಓಕುಳಿ ನೀರಿನ ಬಿಂದಿಗೆಯಲ್ಲಿ ಉಂಗುರ ಹುಡುಕಿಸುತ್ತಾರಲ್ಲ, ಅದಕ್ಕೆ ಹೊಸದನ್ನು ಹಾಕಬೇಡಿ. ಅರಿಶಿನ ಸುಣ್ಣದ ನೀರು ಅದು, ಮೇಲಿಂದ ನಿನ್ನ ತಂಗಿಯರೆಲ್ಲ ಕೈ ಹಾಕಿ ಕಲಕುತ್ತಾರೆ. ನಿಮ್ಮಮ್ಮನ ಹಳೇ ಸಾದಾ ಉಂಗುರ ಹಾಕಿಸು. ಹೇಗಿದ್ದರೂ ನೀನು ಸೋಲುತ್ತೀಯ, ನರ ಹುಡುಕಿ ಸೂಜಿ ಚುಚ್ಚುವ ಕೈ ಅದು.

ನಿನ್ನ ಗೆಳೆಯ