ಏರುಮಡಿ ಕೆಲಸ: ಈ ಭಾನುವಾರ ಬೆಳಗ್ಗೆ 7ಕ್ಕೆ

ಎಲ್ಲರಿಗೂ ನಮಸ್ಕಾರ.

ಶಿವರಾತ್ರಿ ಆಯಿತು, ಚಳಿ ಶಿವಶಿವಾ ಅಂತ ಹೋಗಿಯೇಬಿಟ್ಟಿತು, ಅಲ್ವಾ? ಹಿಂದುಗಡೆಯ ಆರು ಏರುಮಡಿಗಳನ್ನು (ನೆಲದಿಂದ ಎತ್ತರಿಸಿದ ಮಣ್ಣಿನ ಪಾತಿಗಳನ್ನು) ತರಕಾರಿಗೆ ಸಿದ್ಧ ಮಾಡಬೇಕು. ಮಡಿ ತೆಗೆದುಕೊಂಡಿರುವ ಮನೆಯವರೆಲ್ಲ ಭಾನುವಾರ ಬೆಳಗ್ಗೆ 7ಕ್ಕೆ ಬನ್ನಿ. ಒಂಬತ್ತರ ಮೇಲೆ ಬಿಸಿಲಿಗೆ ನಿಲ್ಲುವುದು ಕಷ್ಟ.

ಹಳೇ ಟೊಮೆಟೊ ಗಿಡ ಕಿತ್ತು, ಮಣ್ಣು ಸಡಿಲ ಮಾಡಿ. ಮೇಲೆ ಎರಡು ಇಂಚು ಕಾಂಪೋಸ್ಟ್, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ. ಸಗಣಿ ಗೊಬ್ಬರ ಹಾಕುವವರು ಪೂರ್ತಿ ಕಳಿತದ್ದನ್ನೇ ತನ್ನಿ. ಹೋದ ವರ್ಷ ನಾನು ಹಸಿ ಸಗಣಿ ಹಾಕಿದ್ದೆ. ಬಾಡಿದ ಬೆಂಡೆಯ ಬುಡ ಕೆದಕಿದರೆ ದಪ್ಪ ದಪ್ಪ ಬಿಳಿ ಗೊಣ್ಣೆಹುಳು, ಸುರುಳಿ ಸುತ್ತಿಕೊಂಡು ಆರಾಮಾಗಿ ಮಲಗಿದ್ದವು!

ಬೆಂಡೆ ಬೀಜ ಶನಿವಾರ ರಾತ್ರಿಯೇ ನೆನೆಹಾಕಿ. ಗೋರಿಕಾಯಿ, ಹೀರೆ, ದಂಟು ಕೂಡ ಈ ಬಿಸಿಲಿಗೆ ಚೆನ್ನಾಗಿ ಬರುತ್ತವೆ. ಕೊತ್ತಂಬರಿ ಬೇಡ, ಸುಮ್ನೆ ಬೇಗ ಹೂ ಬಿಟ್ಟುಬಿಡುತ್ತದೆ.

ಏರುಮಡಿ ನೆಲಕ್ಕಿಂತ ಬೇಗ ಒಣಗುತ್ತದೆ. ಅದಕ್ಕೇ ತರಗೆಲೆ ಹೊದಿಸೋಣ, ಎಲೆ ಗುಡಿಸಿ ಸುಡಬೇಡಿ. ನೀರು ಹಾಕಲು ನಿಮಗೆ ಯಾವ ದಿನ ಆಗುತ್ತದೆ ಅಂತ ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ಗುದ್ದಲಿ ಇದ್ದವರು ತನ್ನಿ, ಇರುವುದು ಎರಡೇ. ಅದರಲ್ಲೊಂದರ ಹಿಡಿ ಅಲ್ಲಾಡುತ್ತಿದೆ.