ಹಳೇ ಕಟ್ಟಡದ ಕೆಲಸಕ್ಕೆ ಹೊರಟ ಮಗಳಿಗೆ

ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಒರ್ಲ್ಯಾಂಡೋ ಬಿಟ್ಟು ಮಯಾಮಿ ಕಡೆ ಹೋಗುತ್ತಿದ್ದೇನೆ ಅಂದೆ. ಸಮುದ್ರದ ದಂಡೆಯಲ್ಲೇ ಹಳೇ ಕಾಂಡೋ, ಅಂದರೆ ಅಲ್ಲಿನ ಅಪಾರ್ಟ್‌ಮೆಂಟು, ಅಲ್ಲೇ ಆಫೀಸು, ಒಂದೇ ಕಟ್ಟಡದ ಮ್ಯಾನೇಜರ್, ಸಂಬಳವೂ ಜಾಸ್ತಿ. ಎಷ್ಟು ಖುಷಿಯಲ್ಲಿ ಹೇಳಿದೆ. ನಾನು ಮಾತ್ರ "ಅದೆಲ್ಲ ಬೇಡ, ಇರೋ ಕಡೆ ಇರು" ಅಂತ ಒರಟಾಗಿ ಹೇಳಿ ಫೋನನ್ನು ನಿಮ್ಮಮ್ಮನ ಕೈಗೆ ಕೊಟ್ಟುಬಿಟ್ಟೆ. ಆಮೇಲೆ ನೀನು ತುಂಬಾ ಹೊತ್ತು ಅಳುತ್ತಿದ್ದೆಯಂತೆ. ಬೇಜಾರು ಮಾಡಿಕೋಬೇಡ ಕಂದಾ. ಹೇಳಬೇಕಾದ್ದು ಬಾಯಿಗೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕೈಯಲ್ಲಿ ಆಗಲ್ಲ ಅಂತಲ್ಲ. ಹದಿನಾರು ಗಂಟೆಯ ಕ್ಲಾಸು, ಬೆರಳಚ್ಚು, ಪರೀಕ್ಷೆ, ಎಲ್ಲವನ್ನೂ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡೇ ಮುಗಿಸಿ ಫ್ಲಾರಿಡಾದ ಮ್ಯಾನೇಜರ್ ಲೈಸೆನ್ಸ್ ತಗೊಂಡವಳು ನೀನು. ನಾನು ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಮ್ಯಾನೇಜರ್ ಆಗಿದ್ದಷ್ಟು ಕಾಲ ಒಬ್ಬರೂ ನನ್ನ ಹತ್ತಿರ ಲೈಸೆನ್ಸ್ ಕೇಳಲಿಲ್ಲ, ಬೈಗುಳ ತಿಂದೇ ಕಲಿತೆ. ನಿನ್ನ ಲೈಸೆನ್ಸಿನ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ, ಸಿಕ್ಕವರಿಗೆಲ್ಲ ತೋರಿಸುತ್ತೇನೆ.

ಇಷ್ಟು ದಿನ ನೀನು ನೋಡಿಕೊಂಡದ್ದು ಬಿಡಿ ಮನೆಗಳ ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘ. ಹುಲ್ಲು ಕತ್ತರಿಸಿಲ್ಲ, ಕಸದ ಡಬ್ಬ ರಸ್ತೆಯಲ್ಲೇ ಬಿಟ್ಟಿದ್ದಾರೆ, ಕೇಳದೆ ಬೇಲಿ ಹಾಕಿದ್ದಾರೆ. ನೋಟಿಸು, 14 ದಿನದ ಗಡುವು, ಅಹವಾಲು ಕೇಳೋಕೆ ಒಂದು ಸಮಿತಿ, ಆಮೇಲೆ ದಿನಕ್ಕೆ 100 ಡಾಲರ್ ತನಕ ದಂಡ. ಜನ ಅದಕ್ಕೂ ಕಿರುಚಾಡುತ್ತಾರೆ, ಗೊತ್ತು. ಆದರೆ ಅಲ್ಲಿ ನೋಟಿಸು ತಡವಾದರೆ ಯಾರ ಜೀವವೂ ಹೋಗಲ್ಲ.

ಮಯಾಮಿ ಪಕ್ಕದ ಆ ಸರ್ಫ್‌ಸೈಡ್ ನನ್ನ ತಲೆಯಿಂದ ಹೋಗಿಲ್ಲ ಮಗಳೇ. 2021ರ ಜೂನ್ 24, ರಾತ್ರಿ ಒಂದೂಕಾಲು ದಾಟಿತ್ತು, ಎಲ್ಲರೂ ಮಲಗಿದ್ದ ಹೊತ್ತು. ಚಾಂಪ್ಲೇನ್ ಟವರ್ಸ್ ಸೌತ್, 1981ರಲ್ಲಿ ಕಟ್ಟಿದ್ದು, 12 ಅಂತಸ್ತು, 136 ಮನೆ. ಅದರ ದೊಡ್ಡ ಭಾಗ ಕುಸಿದು ಬಿದ್ದು 98 ಜನ ಹೋದರು. ಈಜುಕೊಳದ ಸುತ್ತಲಿನ ನೆಲದಡಿಯ ವಾಟರ್‌ಪ್ರೂಫಿಂಗ್ ಕೆಟ್ಟಿದೆ, ನೀರು ಹರಿದು ಹೋಗುತ್ತಿಲ್ಲ, ಕಾಂಕ್ರೀಟ್ ಹಾಳಾಗುತ್ತಿದೆ ಅಂತ ಇಂಜಿನಿಯರ್ 2018ರಲ್ಲೇ ಬರೆದು ಕೊಟ್ಟಿದ್ದರು. ಆಮೇಲೆ ಬೋರ್ಡಿನಲ್ಲಿ, ಅಂದರೆ ಮಾಲೀಕರ ಕಮಿಟಿಯಲ್ಲಿ, ಜಗಳ, ರಾಜೀನಾಮೆ. ರಿಪೇರಿಗೆ ಒಂದೂವರೆ ಕೋಟಿ ಡಾಲರ್ ಎತ್ತೋಣ ಅಂತ ಒಪ್ಪುವಷ್ಟರಲ್ಲಿ 2021 ಬಂದಿತ್ತು. ಒಂದೊಂದು ಮನೆಗೆ 80 ಸಾವಿರ ಡಾಲರಿನಿಂದ ಮೂರು ಲಕ್ಷಕ್ಕೂ ಮೇಲೆ. ಯಾರ ಹತ್ತಿರ ಇರುತ್ತೆ ಅಷ್ಟು ದುಡ್ಡು?

ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕನಕಪುರ ರಸ್ತೆಯ ಬೇಸ್‌ಮೆಂಟು. ಮೇಲೆ ಪೋಡಿಯಂ, ಅಂದರೆ ಪಾರ್ಕಿಂಗಿನ ಛಾವಣಿಯೇ ಅಂಗಳ, ಅದರ ಮೇಲೆ ಮಕ್ಕಳಾಡುವ ಹುಲ್ಲು, ಗಿಡದ ತೊಟ್ಟಿಗಳು. ಕೆಳಗೆ ಕಾರು. ಛಾವಣಿಯಿಂದ ಬಿಳಿ ಉಪ್ಪಿನ ಗೆರೆ ಇಳಿಯುತ್ತಿತ್ತು. ನೀರು ಒಬ್ಬರ ಕಾರಿನ ಬಾನೆಟ್ ಮೇಲೆ ಬಿದ್ದು ಬಣ್ಣ ಹೋಯಿತು ಅಂತ ರಂಪ ಆಯಿತು. ಕಮಿಟಿಯವರು ಏನು ಮಾಡಿದರು ಗೊತ್ತಾ? ಛಾವಣಿಗೆ ತಗಡಿನ ತಟ್ಟೆ ಕಟ್ಟಿಸಿ, ಅದಕ್ಕೊಂದು ಪೈಪು ಕೊಟ್ಟು, ನೀರನ್ನು ಚರಂಡಿಗೆ ತಿರುಗಿಸಿದರು. ಕಾರು ಒದ್ದೆಯಾಗೋದು ನಿಂತಿತು, ದೂರು ನಿಂತಿತು. ನೀರು ನಿಲ್ಲಲಿಲ್ಲ. ಆ ತಟ್ಟೆ ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು, ಯಾಕೆಂದರೆ ಛಾವಣಿಗೆ ಏನಾಗುತ್ತಿದೆ ಅಂತ ಕಾಣದಂತೆ ಮುಚ್ಚಿದ್ದೂ ಅದೇ. ನಾನು ಕಮಿಟಿಗೆ ಬರೆದೆ, ಮತ್ತೆ ಬರೆದೆ. ಜನರಲ್ ಬಾಡಿಯಲ್ಲಿ ಮೇಂಟೆನೆನ್ಸ್ ಚದರ ಅಡಿಗೆ ಎರಡು ರೂಪಾಯಿ ಜಾಸ್ತಿ ಅಂದದ್ದಕ್ಕೆ ಒಬ್ಬರು ಕುರ್ಚಿ ತಳ್ಳಿ ಎದ್ದು ಹೋದರು. ದೊಡ್ಡ ಖರ್ಚಿಗೆ ಎತ್ತಿಟ್ಟ ಕಾರ್ಪಸ್ ಫಂಡ್ ಮುಟ್ಟಬೇಡಿ ಅಂದರು. ಮುಂದಿನ ವರ್ಷ ನೋಡೋಣ ಅಂದರು.

ಕಡೆಗೊಂದು ಹೊಸ ಕಮಿಟಿ ಬಂದು ಹುಲ್ಲು ಕೀಳಿಸಿ ಕೆಲಸ ಶುರು ಮಾಡಿಸಿತು. ತಗಡು ಬಿಚ್ಚಿದ ದಿನ ನಾನು ಕೆಳಗೇ ನಿಂತಿದ್ದೆ. ಮೇಸ್ತ್ರಿ ಸುತ್ತಿಗೆಯಲ್ಲಿ ತಟ್ಟಿದರೆ ಟೊಳ್ಳು ಶಬ್ದ. ಪ್ಲಾಸ್ಟರ್ ಅಂಗೈಯಗಲ ಉದುರಿತು. ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ, ಪದರ ಪದರವಾಗಿ ಎದ್ದಿತ್ತು. ಒಂದು ಪದರ ಬೆರಳಲ್ಲಿ ಕಿತ್ತೆ, ಪುಡಿಯಾಯಿತು. ಮೇಲೆ ಮಕ್ಕಳು ಆಡುವ ಶಬ್ದ ಆಗಲೂ ಕೇಳುತ್ತಿತ್ತು. ನಮ್ಮದು ಸಮಯಕ್ಕೆ ರಿಪೇರಿ ಆಯಿತು. ಅಲ್ಲಿ ಸಮುದ್ರದ ಉಪ್ಪು ಗಾಳಿ ಬೇರೆ.

ಅದಕ್ಕೆ ಮಗಳೇ, ಹೋಗೋದೇ ಆದರೆ, ಸಹಿ ಹಾಕುವ ಮೊದಲು ಇಂಜಿನಿಯರ್ ವರದಿ ಕೇಳಿ ಇಸ್ಕೋ. ಹಳೇ ಮೀಟಿಂಗ್‌ಗಳ ನಡಾವಳಿ ಕೇಳು. ರಿಪೇರಿಗೆ ಎತ್ತಿಟ್ಟ ರಿಸರ್ವ್ ಫಂಡಿನಲ್ಲಿ ಎಷ್ಟಿದೆ ನೋಡು. ಕೊಡೋಕೆ ಹಿಂದೆ ಮುಂದೆ ನೋಡಿದರೆ ಆ ಕೆಲಸವೇ ಬೇಡ. ಸರ್ಫ್‌ಸೈಡ್ ಆದಮೇಲೆ 2022ರಲ್ಲಿ ನಿಮ್ಮ ರಾಜ್ಯದಲ್ಲಿ ಕಾನೂನು ಬಂತಲ್ಲ, ಮೂರು ಅಥವಾ ಅದಕ್ಕೂ ಹೆಚ್ಚು ಅಂತಸ್ತಿನ ಕಾಂಡೋಗೆ 30 ವರ್ಷಕ್ಕೆ ತಪಾಸಣೆ, ಆಮೇಲೆ ಹತ್ತು ವರ್ಷಕ್ಕೊಮ್ಮೆ ಅಂತ. ಛಾವಣಿ, ಕಂಬ, ವಾಟರ್‌ಪ್ರೂಫಿಂಗಿಗೆ ದುಡ್ಡು ಎತ್ತಿಡೋದನ್ನು ಮೊದಲಿನ ಹಾಗೆ ಓಟು ಹಾಕಿ ತಪ್ಪಿಸೋಕೂ ಈಗ ಆಗಲ್ಲ. ನೀನೇ ಹೇಳಿಕೊಟ್ಟದ್ದು ಇದು, ನಿನಗೇ ಪಾಠ ಮಾಡುತ್ತಿದ್ದೇನೆ. ಮಾಡುತ್ತೇನೆ, ಕೇಳಿಸಿಕೋ. ಕಾನೂನು ಮಾಡಿದವರು ಮೀಟಿಂಗಿಗೆ ಬಂದು ಕೂರಲ್ಲ. ತಿಂಗಳ ಮೇಂಟೆನೆನ್ಸ್ ಜಾಸ್ತಿ ಆಯಿತು ಅಂತ ಜನ ಎಗರಾಡೋದು ನಿನ್ನ ಮೇಲೆ.

ಎಗರಾಡುವವರನ್ನು ಕೆಟ್ಟವರು ಅಂದುಕೋಬೇಡ. ಪೆನ್ಷನ್ ಮೇಲೆ ಬದುಕುವ ಮುದುಕರು ಇರುತ್ತಾರೆ, ಮನೆ ಮಾರಿ ಹೋಗಬೇಕಾಗುತ್ತೆ ಅಂತ ಹೆದರಿರುತ್ತಾರೆ. ಅವರ ಜೊತೆ ಕೂತು ಮಾತಾಡು, ಕಂತು ಮಾಡಿಕೊಡೋಕೆ ಆಗುತ್ತಾ ಅಂತ ಬೋರ್ಡನ್ನು ಕೇಳು. ಆದರೆ ಅವರ ಕಣ್ಣೀರು ನೋಡಿ ವರದಿಯ ಒಂದು ಸಾಲನ್ನೂ ಮೆತ್ತಗೆ ಮಾಡಬೇಡ. ತೀರ್ಮಾನ ಬೋರ್ಡಿನದು, ನಿನಗೆ ಓಟಿಲ್ಲ. ನಿನ್ನ ಕೈಯಲ್ಲಿರೋದು ಕಾಗದ. ಬಾಯಲ್ಲಿ ಹೇಳಿದ್ದನ್ನೆಲ್ಲ ಮೇಲ್ ಮಾಡು, ಮೀಟಿಂಗಿನಲ್ಲಿ ಓದಿ ಹೇಳು, ನಡಾವಳಿಯಲ್ಲಿ ಬರೆಸು. ಮುಂದಿನ ವರ್ಷ ನೋಡೋಣ ಅಂದರೆ, ಯಾರು ಅಂದರು ಅಂತಲೂ ಬರೆಸು. ಕೆಲಸ ಹೋದರೆ ಹೋಗಲಿ, ನಾವಿದ್ದೇವೆ.

ಇನ್ನೊಂದು. ಆ ಕಟ್ಟಡದಲ್ಲೇ ನಿನಗೆ ಮನೆ ಕೊಡುತ್ತಾರೆ ಅಂದೆಯಲ್ಲ, ಮಗು ಕರಕೊಂಡು ಅಲ್ಲಿ ಇರೋದು ಮಾತ್ರ ತಪಾಸಣೆಯ ವರದಿ ನೋಡಿದ ಮೇಲೇ. ಅಳಿಯಂದಿರಿಗೂ ಇದನ್ನು ಓದಿ ಹೇಳು. ನಿಮ್ಮಮ್ಮ, ಇಷ್ಟೆಲ್ಲ ಬರೆದು ಮಗಳನ್ನು ಹೆದರಿಸಬೇಡಿ ಅಂತ ಪಕ್ಕದಲ್ಲಿ ಗೊಣಗುತ್ತಿದ್ದಾಳೆ. ವರದಿ ಸಿಕ್ಕ ತಕ್ಷಣ ನನಗೆ ಕಳಿಸು, ಇಂಗ್ಲಿಷಿನಲ್ಲಿದ್ದರೂ ಪರವಾಗಿಲ್ಲ, ನಿಧಾನಕ್ಕೆ ಓದುತ್ತೇನೆ. ಪಾರ್ಕಿಂಗ್ ಛಾವಣಿಯ ಫೋಟೋನೂ ಕಳಿಸು.

ನಿನ್ನ ಅಪ್ಪ