ಹಿಮದೊಳಗಿನ ಸಬ್ಬಕ್ಕಿ

ಪ್ರಿಯ ರಘು,

ಬರುವ ಡಿಸೆಂಬರಿನಲ್ಲಿ ಉತ್ತರಾಖಂಡದ ಕೇದಾರಕಂಠ ಬೆಟ್ಟಕ್ಕೆ ಹೋಗುತ್ತೇನೆ, ಹಿಮದಲ್ಲಿ ನಡೆಯಲು ಏನೇನು ಕೊಳ್ಳಬೇಕು ಬರೆ ಎಂದು ನೀನು ಕೇಳಿ ಮೂರು ವಾರವಾಯಿತು. ಉತ್ತರಿಸುವಷ್ಟು ನನಗೇ ಗೊತ್ತಿರಲಿಲ್ಲ, ಅದಕ್ಕೇ ತಡ. ಸ್ಕಾಟ್ಲೆಂಡಿನ ಅಬರ್ಡೀನಿಗೆ ಬಂದು ನಾಲ್ಕು ಚಳಿಗಾಲ ಕಳೆದರೂ ನನ್ನ ಹಿಮಜ್ಞಾನವೆಲ್ಲ ಕಿಟಕಿಯೊಳಗಿನಿಂದ ಬಂದದ್ದು. ಕಳೆದ ವಾರ ಕೇರ್ನ್‌ಗಾರ್ಮ್ಸ್ ಬೆಟ್ಟಗಳಲ್ಲಿ ಎರಡು ದಿನದ ಚಳಿಗಾಲದ ತರಬೇತಿ ಮುಗಿಸಿ ಬಂದೆ. ಎಡ ಮೊಣಕೈ ಇನ್ನೂ ನೇರಳೆ ಹಣ್ಣಿನ ಬಣ್ಣದಲ್ಲಿದೆ.

ಈ ಬೆಟ್ಟಗಳ ಎತ್ತರ ಕೇಳಿದರೆ ನಗುತ್ತೀಯ. ಕೇರ್ನ್‌ಗಾರ್ಮ್ ಶಿಖರ 1245 ಮೀಟರ್. ನಾವು ಕಾಲೇಜಿನ ದಿನಗಳಲ್ಲಿ ಉಂಬಳ ಕಿತ್ತು ಹಾಕುತ್ತ ಹತ್ತಿದ ಕುದುರೆಮುಖ, ಕುಮಾರಪರ್ವತ ಎರಡೂ ಇದಕ್ಕಿಂತ ಎತ್ತರ. ಆದರೆ 1986ರ ಮಾರ್ಚಿನಲ್ಲಿ ಇದೇ ಶಿಖರದ ಮೇಲೆ ಗಾಳಿ ಗಂಟೆಗೆ 173 ಮೈಲಿ ವೇಗದಲ್ಲಿ ಬೀಸಿದ್ದು ದಾಖಲಾಗಿದೆ. ಎತ್ತರದ ಲೆಕ್ಕವನ್ನು ನಾನು ಅಲ್ಲಿಗೇ ಬಿಟ್ಟೆ.

ಮೊದಲ ದಿನ ಪೂರ್ತಿ ಬೀಳುವ ಪಾಠ. ಐಸ್ ಆ್ಯಕ್ಸ್ ಎಂದರೆ ಕೊಡಲಿಯೆಂದುಕೊಂಡಿದ್ದೆ. ನೋಡಿದರೆ ಅದು ನಮ್ಮ ತೋಟದ ಪಿಕಾಸಿಯ ತಮ್ಮ. ಒಂದು ಕಡೆ ಕೊಕ್ಕು, ಇನ್ನೊಂದು ಕಡೆ ಅಗಲ ಬಾಯಿ. ಜಾರತೊಡಗಿದ ಕೂಡಲೇ ಅಗಲ ಬಾಯಿಯನ್ನು ಭುಜದ ಕೆಳಗಿನ ಗುಳಿಗೆ ಒತ್ತಿಹಿಡಿದು, ಕವುಚಿ, ಎದೆಯ ಭಾರವನ್ನೆಲ್ಲ ಕೊಕ್ಕಿನ ಮೇಲೆ ಹಾಕಬೇಕು. ಕಾಲಿಗೆ ಕ್ರ್ಯಾಂಪನ್, ಅಂದರೆ ಬೂಟಿನಡಿಯ ಲೋಹದ ಮುಳ್ಳುಪಟ್ಟಿ, ಕಟ್ಟಿದ್ದರೆ ಪಾದ ಎತ್ತಿಯೇ ಇರಬೇಕು. ಅದರ ಮುಳ್ಳು ಹಿಮಕ್ಕೆ ಕಚ್ಚಿತೋ, ಪಲ್ಟಿ ಹೊಡೆಯುವುದಷ್ಟೇ ಅಲ್ಲ, ಕಣಕಾಲೂ ಹೋಗುತ್ತದೆ. ಕೂತು ಜಾರುವುದು, ಹೊಟ್ಟೆಯ ಮೇಲೆ ಜಾರುವುದು ಸುಲಭ. ತಲೆ ಕೆಳಗಾಗಿ ಬೆನ್ನ ಮೇಲೆ ಜಾರುವಾಗ ಮಾತ್ರ ಆಕಾಶ ಯಾವುದು, ಬೆಟ್ಟ ಯಾವುದು ತಿಳಿಯದೆ ಐದು ಸಲ ತಳ ಸೇರಿದೆ. ಆರನೆಯ ಸಲ ನಿಂತೆ. ‘ಚೆನ್ನಾಗಿದೆ, ಆದರೆ ಇದನ್ನು ನಂಬಿಕೊಂಡು ನಡೆಯಬೇಡ’ ಎಂದ ನಮ್ಮ ತರಬೇತುದಾರ. ಅರವತ್ತರ ಆಸುಪಾಸಿನವನು, ಹೊಗಳುವುದರಲ್ಲಿ ನಮ್ಮ ಗಣಿತದ ಮೇಷ್ಟ್ರಷ್ಟೇ ಕಂಜೂಸು.

ತಮಾಷೆಯೆಂದರೆ, ಬೀಳಲು ಯೋಗ್ಯವಾದ ಇಳಿಜಾರು ಹುಡುಕಲು ನಾವು ಒಂದೂವರೆ ಗಂಟೆ ನಡೆಯಬೇಕಾಯಿತು. ಹಿಂದೆಲ್ಲ ಕಾರು ನಿಲ್ಲಿಸಿದಲ್ಲಿಂದಲೇ ಪಾಠ ಶುರುವಾಗುತ್ತಿತ್ತಂತೆ. ಕೊನೆಗೆ ಸಿಕ್ಕಿದ್ದು ತೊರೆಯ ಕೊರಕಲಿನಲ್ಲಿ ಉಳಿದಿದ್ದ ಪಂಚೆಯಗಲದ ಹಿಮದ ಪಟ್ಟಿ. ಎರಡೂ ಬದಿಗೆ ಒದ್ದೆ ಕುರುಚಲು ಗಿಡ.

ಎರಡನೆಯ ದಿನ ಹೋದದ್ದು ಶಿಖರದ ಬಡಗಣ ಮಗ್ಗುಲಿನ, ಬೋಗುಣಿಯಂಥ ಕಣಿವೆಗೆ. ಅದರ ಗೇಲಿಕ್ ಹೆಸರಿನ ಅರ್ಥವೇ ಹಿಮದ ಬೋಗುಣಿ. ಅಲ್ಲಿ ಹಿಮವಿತ್ತು. ಆದರೆ ಅದು ಆಕಾಶದಿಂದ ನೇರ ಬಿದ್ದದ್ದಲ್ಲ. ಕಣದಲ್ಲಿ ತೂರಿದ ಹೊಟ್ಟು ಗಾಳಿ ಹೋದತ್ತ ಹೋಗಿ ಗುಡ್ಡೆಯಾಗುವುದಿಲ್ಲವೇ, ಹಾಗೆ ನೈಋತ್ಯದ ಗಾಳಿ ಮೇಲಿನ ಬಯಲನ್ನು ಗುಡಿಸಿ ತಂದು ಈ ಮರೆಯಲ್ಲಿ ಸುರಿದಿತ್ತು. ಇಂಥ ಹಿಮಕ್ಕೆ ಹೊಳಪಿಲ್ಲ, ಸುಣ್ಣದ ಗೋಡೆಯ ಮಬ್ಬು. ಕಾಲಿಟ್ಟರೆ ಕಿರ್ ಎನ್ನುತ್ತದೆ, ಚಪ್ಪಡಿ ಚಪ್ಪಡಿಯಾಗಿ ಬಿರುಕು ಬಿಡುತ್ತದೆ. ಇಲ್ಲಿ ಕುಸಿದು ಜನರನ್ನು ಹೂಳುವುದು ಹೆಚ್ಚಾಗಿ ಇದೇ. (ನಮ್ಮ ಪತ್ರಿಕೆಗಳು ಹಿಮ ಸುರಿದರೂ ಹಿಮಪಾತ, ಕುಸಿದರೂ ಹಿಮಪಾತ ಎನ್ನುತ್ತವೆ. ನಾನು ಕುಸಿತವೆಂದೇ ಬರೆಯುತ್ತೇನೆ.)

ಸಣ್ಣ ಏರೊಂದರಲ್ಲಿ ಸೊಂಟದಾಳದ ಗುಂಡಿ ತೋಡಿ, ಗೋಡೆಯನ್ನು ಸಲಿಕೆಯಿಂದ ನೇರ ಮಾಡಿ, ಪದರ ಪದರವಾಗಿ ಕೈಯಿಂದ ಒತ್ತಿ ನೋಡಲು ಹೇಳಿದ ತರಬೇತುದಾರ. ಮೇಲಿನ ಪದರಕ್ಕೆ ಒಂದು ಬೆರಳು ನುಗ್ಗುವುದೂ ಕಷ್ಟ. ಗೇಣು ಕೆಳಗೆ ಇಡೀ ಮುಷ್ಟಿ ಸಲೀಸಾಗಿ ಒಳಹೋಯಿತು. ಕೈಗವಸು ತೆಗೆದು ಅಂಗೈಗೆ ಸುರಿದುಕೊಂಡರೆ ಬಿಳಿ ಬಿಳಿ ದುಂಡು ಕಾಳು. ರಘು, ಥೇಟ್ ಸಬ್ಬಕ್ಕಿ! ಇಂಗ್ಲಿಷಿನಲ್ಲಿ ಗ್ರೌಪೆಲ್. ಹಿಮದ ಹರಳಿಗೆ ಮೋಡದ ಹನಿಗಳು ಮೆತ್ತಿ ಗಟ್ಟಿಯಾಗಿ ಆಗುವ ಕಾಳು. ಬೇಯಿಸದ ಸಬ್ಬಕ್ಕಿಯಂತೆಯೇ ಒಂದಕ್ಕೊಂದು ಅಂಟುವುದಿಲ್ಲ, ಉರುಳುತ್ತವೆ. ಅದರ ಮೇಲೆ ಕೂತ ಚಪ್ಪಡಿಯ ಗತಿ ಏನು? ಅವನು ಒಂದು ಕಂಬದಷ್ಟು ಹಿಮ ಕಡಿದು, ತಲೆಯ ಮೇಲೆ ಸಲಿಕೆಯಿಟ್ಟು ಮೆಲ್ಲಗೆ ತಟ್ಟಿದ. ನಾಲ್ಕನೆಯ ಪೆಟ್ಟಿಗೆ ಮೇಲಿನ ತುಂಡು ಮಣೆ ಜಾರಿದ ಹಾಗೆ ಜಾರಿ ನನ್ನ ಮಡಿಲಿಗೆ ಬಂತು. ನಾವು ಹತ್ತಬೇಕೆಂದಿದ್ದ ಇಳಿಜಾರು ಅದೇ ದಿಕ್ಕಿಗಿತ್ತು, ಇನ್ನೂ ಕಡಿದಾಗಿತ್ತು. ಯಾರೂ ವಾದಿಸಲಿಲ್ಲ, ತಿರುಗಿದೆವು.

ಇಳಿಯುವಾಗ ಅವನು ಬ್ರೇರಿಯಾಕ್ ಬೆಟ್ಟದ ಒಂದು ಹಿಮದ ತುಣುಕಿನ ಕಥೆ ಹೇಳಿದ. ಸ್ಫಿಂಕ್ಸ್ ಎಂದು ಹೆಸರು. ಬೇಸಿಗೆಯಲ್ಲೂ ಕರಗದೆ ಉಳಿಯುವುದೇ ಅದರ ಹೆಗ್ಗಳಿಕೆ. ಇಪ್ಪತ್ತನೆಯ ಶತಮಾನದಲ್ಲಿ ಅದು ಪೂರ್ತಿ ಕರಗಿದ್ದು 1933, 1959, 1996ರಲ್ಲಿ ಮಾತ್ರ. ಈ ಶತಮಾನದಲ್ಲಿ 2003, 2006, 2017, 2018. ಆಮೇಲೆ 2021ರಿಂದ 2023ರವರೆಗೆ ಮೂರು ವರ್ಷ ಒಂದರ ಹಿಂದೊಂದು. 2024ರ ಜನವರಿ 28ರಂದು ಉತ್ತರ ಸ್ಕಾಟ್ಲೆಂಡಿನ ಒಂದು ಹಳ್ಳಿಯಲ್ಲಿ ಉಷ್ಣಾಂಶ 19.9 ಡಿಗ್ರಿ ಮುಟ್ಟಿತು. ಅವತ್ತು ಮೈಸೂರಿನ ಬೆಳಗಿನಂತಿದ್ದಿರಬೇಕು. ಹಿಮ ಇಲ್ಲವೇ ಇಲ್ಲ ಎಂದಲ್ಲ. ಇಂದು ಸುರಿದದ್ದು ನಾಳೆ ಮಳೆಗೆ ನೆನೆದು ನಾಡಿದ್ದು ಗಾಜಾಗುತ್ತದೆ. ಹಾಗೆ ಹೆಪ್ಪುಗಟ್ಟಿದ ಹಿಮ ಕುಸಿಯುವುದು ಕಡಿಮೆ, ಜಾರಿದವನನ್ನು ತಡೆಯುವುದೂ ಕಡಿಮೆ. ಹಿಂದಿನ ವಾರ ಹೋಗಿ ಬಂದವನ ಮಾತು ಈ ವಾರಕ್ಕೆ ಹಳಸಿರುತ್ತದೆ. ಇಲ್ಲಿ ಚಳಿಗಾಲದಲ್ಲಿ ದಿನವೂ ಹಿಮಕುಸಿತದ ಮುನ್ಸೂಚನೆ ಬರುತ್ತದೆ: ಯಾವ ದಿಕ್ಕಿನ, ಯಾವ ಎತ್ತರದ ಇಳಿಜಾರಿನಲ್ಲಿ ಐದರಲ್ಲಿ ಎಷ್ಟನೆಯ ಮಟ್ಟದ ಅಪಾಯ ಎಂದು. ನಾವು ಹವಾಮಾನ ವರದಿಯಲ್ಲಿ ಮಳೆಯುಂಟೋ ಇಲ್ಲವೋ ಎಂದಷ್ಟೇ ನೋಡಿ ಹೊರಟವರು!

ಈಗ ನಿನ್ನ ಪ್ರಶ್ನೆ. ಸದ್ಯಕ್ಕೆ ಏನೂ ಕೊಳ್ಳಬೇಡ. ಡಿಸೆಂಬರಿನಲ್ಲಿ ಅಲ್ಲಿ ಹಿಮವಿರುತ್ತದೆ ಎಂಬ ಖಾತ್ರಿಯೂ ಇಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗವೇ ಬೋಳಾಗಿತ್ತು. ಹಿಮವಿದ್ದರೆ, ನೂರಾರು ಜನ ತುಳಿದ ಹಾದಿ ಮುಂಜಾನೆ ಎಣ್ಣೆ ಸವರಿದಂತಿರುತ್ತದೆ, ಅದಕ್ಕೆ ಬೂಟಿನ ಮುಳ್ಳು ಅಲ್ಲೇ ಬಾಡಿಗೆಗೆ ಸಿಗುತ್ತದೆ. ಕರೆದೊಯ್ಯುವವರನ್ನು ಈಗಲೇ ಕೇಳು: ಯಾವ ಸ್ಥಿತಿ ಕಂಡರೆ ತಿರುಗುತ್ತೀರಿ? ‘ನಾವು ಎಲ್ಲರನ್ನೂ ತುದಿ ಮುಟ್ಟಿಸಿಯೇ ಮುಟ್ಟಿಸುತ್ತೇವೆ’ ಎಂದರೆ ಬೇರೆಯವರನ್ನು ಹುಡುಕು. 2022ರ ಅಕ್ಟೋಬರಿನಲ್ಲಿ ಕೇದಾರಕಂಠವಿರುವ ಅದೇ ಉತ್ತರಕಾಶಿ ಜಿಲ್ಲೆಯ ದ್ರೌಪದಿ ಕಾ ದಂಡಾ ಶಿಖರದಲ್ಲಿ ಕುಸಿತಕ್ಕೆ ಸಿಕ್ಕವರು ತರಬೇತಿಗೆಂದೇ ಹೋಗಿದ್ದವರು.

ಕೈಗವಸು ಮಾತ್ರ ಎರಡು ಜೊತೆ ಬೇಕು, ಒಂದು ನೆನೆದೇ ನೆನೆಯುತ್ತದೆ. ನನ್ನದೊಂದು ಹೆಚ್ಚಿನ ಜೊತೆ ಇದೆ, ಏಪ್ರಿಲಿನಲ್ಲಿ ಊರಿಗೆ ಬರುವಾಗ ತರುತ್ತೇನೆ. ಅಷ್ಟರಲ್ಲಿ ಅತ್ತಿಗೆಗೆ ಹೇಳಿ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದಿಡಿಸು.

ನಿನ್ನ,
ಸುಬ್ಬು